ಬಾಡಿ ಮೊದಲು, ಚಾಸಿ ಆಮೇಲೆ

ಅಂಗಡಿ ಅಂಗಡಿಗೆ ಸರಕು ಹಂಚುವ ಗಾಡಿ ಕೊಳ್ಳಲು ಶೋರೂಮಿಗೆ ಹೋದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎಷ್ಟು ಎಚ್‌ಪಿ, ಲೀಟರಿಗೆ ಎಷ್ಟು ಕೊಡುತ್ತೆ, ಮುಂಗಡ ಎಷ್ಟು, ತಿಂಗಳ ಕಂತು ಎಷ್ಟು? ಇವಕ್ಕೆಲ್ಲ ಉತ್ತರ ಸಿಕ್ಕಿ, ಸಾಲ ಮಂಜೂರಾಗಿ, ಚಾಸಿ ಕೈಗೆ ಬಂದ ಮೇಲೆ ಬಾಡಿ ಕಟ್ಟಿಸುವ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಕರಗಿರುತ್ತದೆ, ಮೊದಲ ಕಂತಿನ ದಿನ ಹತ್ತಿರ ಬಂದಿರುತ್ತದೆ. ಶೆಡ್ಡಿನವರು ‘ಎಲ್ಲರಿಗೂ ಕಟ್ಟೋ ಹಾಗೆ ಕಟ್ಟಿಕೊಡ್ತೀವಿ ಬಿಡಿ ಸಾರ್’ ಎಂದರೆ ಒಪ್ಪಿ ಬರುವುದೇ ವಾಡಿಕೆ. ಈ ಕ್ರಮವೇ ತಲೆಕೆಳಗು ಎನ್ನುವುದು ನನ್ನ ವಾದ. ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳನ್ನು ಕಂಪನಿಯವರು ವರ್ಷಗಟ್ಟಲೆ ಪರೀಕ್ಷಿಸಿಯೇ ಕೊಟ್ಟಿರುತ್ತಾರೆ. ಒಂದೇ ತೂಕದ ವರ್ಗದಲ್ಲಿ ಟಾಟಾ, ಐಷರ್, ಅಶೋಕ್ ಲೇಲ್ಯಾಂಡ್ ಗಾಡಿಗಳಲ್ಲಿ ಯಾವುದನ್ನು ಆರಿಸಿದರೂ ಮಾಲೀಕ ತೀರಾ ಕೆಡುವುದಿಲ್ಲ. ಬಾಡಿಯ ವಿಷಯ ಹಾಗಲ್ಲ. ಅದರ ಉದ್ದಗಲ, ಲೋಹ, ಬಾಗಿಲು, ನೆಲದ ಎತ್ತರ ಎಲ್ಲವೂ ಕಟ್ಟಿಸುವವನ ತೀರ್ಮಾನ. ತಪ್ಪಿದರೆ ಹತ್ತು ವರ್ಷ ಆ ತಪ್ಪನ್ನು ಹೊತ್ತೇ ಓಡಬೇಕು.

ಲೆಕ್ಕ ಶುರುವಾಗಬೇಕಾದದ್ದು ಸರಕಿನಿಂದ. ಸರಕಿನಲ್ಲಿ ಎರಡು ಜಾತಿ: ಗಾಡಿ ತುಂಬುವ ಮೊದಲೇ ತೂಕದ ಮಿತಿ ಮುಟ್ಟಿಸುವುದು ಒಂದು, ತೂಕ ಮುಟ್ಟುವ ಮೊದಲೇ ಜಾಗ ಮುಗಿಸುವುದು ಇನ್ನೊಂದು. ಕೊರಿಯರ್‌ನವರಿಗೆ ಇದು ಎಂದೋ ಗೊತ್ತು. ಅದಕ್ಕೇ ಅವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5000ದಿಂದ ಭಾಗಿಸಿ, ನಿಜವಾದ ತೂಕಕ್ಕೂ ಈ ಲೆಕ್ಕದ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಕೇಳುತ್ತಾರೆ. ಗಾಡಿ ಕೊಳ್ಳುವವರು ಈ ಲೆಕ್ಕವನ್ನು ತಮ್ಮ ಕಡೆಯಿಂದಲೂ ಹಾಕಿ ನೋಡಬೇಕು. 2022ರಲ್ಲಿ ಬಂದ ಟಾಟಾ ಏಸ್ ಇವಿಯನ್ನೇ ತೆಗೆದುಕೊಳ್ಳಿ. ಮೊದಲ ಮಾದರಿಯ ಪೆಟ್ಟಿಗೆ 208 ಘನ ಅಡಿ, ಹೊರಬಹುದಾದದ್ದು 600 ಕೆ.ಜಿ. ಎಂದರೆ ಘನ ಅಡಿಗೆ ಸರಾಸರಿ 2.9 ಕೆ.ಜಿ. ಅದಕ್ಕಿಂತ ಹಗುರವಾದ ಚಿಪ್ಸ್ ಪೊಟ್ಟಣ, ದಿಂಬು, ಥರ್ಮೋಕೋಲ್ ಸುತ್ತಿದ ಮಾಲು ತುಂಬುವವರಿಗೆ ಜಾಗವೇ ಸಾಲದು. ಅದೇ ಗಾಡಿಗೆ ತುಂಬಿದ ಅಡುಗೆ ಅನಿಲದ ಸಿಲಿಂಡರ್ ಏರಿಸಿದರೆ ಏನಾಗುತ್ತದೆ? ಒಳಗಿನ ಅನಿಲ 14.2 ಕೆ.ಜಿ., ಉಕ್ಕಿನ ಖಾಲಿ ತೂಕ ಸೇರಿ ಒಂದೊಂದೂ ಹತ್ತಿರ ಹತ್ತಿರ 30 ಕೆ.ಜಿ. ಇಪ್ಪತ್ತು ಸಿಲಿಂಡರಿಗೆ ಮಿತಿ ಮುಗಿಯುತ್ತದೆ, ಪೆಟ್ಟಿಗೆಯ ಕಾಲು ಭಾಗವೂ ತುಂಬಿರುವುದಿಲ್ಲ. ಮೊದಲನೆಯವರಿಗೆ ಎತ್ತರದ ಮುಚ್ಚಿದ ಪೆಟ್ಟಿಗೆ ಬೇಕು. ಎರಡನೆಯವರಿಗೆ ಗಿಡ್ಡ, ತೆರೆದ, ಹಗುರವಾದ ಜಾಲರಿ ಬಾಡಿ ಸಾಕು. ಇಬ್ಬರಿಗೂ ಒಂದೇ ಬಾಡಿ ಕಟ್ಟಿಕೊಟ್ಟರೆ ಇಬ್ಬರಿಗೂ ನಷ್ಟ.

ಇನ್ನು ಬಾಡಿಯದೇ ತೂಕ. ಪೇಟೆಯಲ್ಲಿ ತುಂಬ ಓಡುವ 14 ಅಡಿಯ ಗಾಡಿಗೆ ಆರು ಅಡಿ ಅಗಲ, ಆರೂವರೆ ಅಡಿ ಎತ್ತರದ ಮುಚ್ಚಿದ ಪೆಟ್ಟಿಗೆ ಕಟ್ಟಿಸುತ್ತೀರಿ ಎಂದಿಟ್ಟುಕೊಳ್ಳಿ. ಎರಡು ಪಕ್ಕ, ಮುಂದಿನ ಗೋಡೆ, ಹಿಂದಿನ ಬಾಗಿಲು, ಚಾವಣಿ ಎಲ್ಲ ಸೇರಿ 344 ಚದರ ಅಡಿ, ಅಂದರೆ 32 ಚದರ ಮೀಟರ್ ತಗಡು. 16 ಗೇಜಿನ, ಎಂದರೆ 1.6 ಮಿ.ಮೀ. ದಪ್ಪದ ಉಕ್ಕು ಹಾಕಿದರೆ ತಗಡೇ 400 ಕೆ.ಜಿ. ತೂಗುತ್ತದೆ. ಅಲ್ಯೂಮಿನಿಯಂ ಉಕ್ಕಿನಷ್ಟು ಗಟ್ಟಿಯಲ್ಲವೆಂದು ದಪ್ಪವನ್ನು 2 ಮಿ.ಮೀ.ಗೆ ಏರಿಸಿದರೂ ಅದು 173 ಕೆ.ಜಿ. ಮೀರುವುದಿಲ್ಲ. ವ್ಯತ್ಯಾಸ 230 ಕೆ.ಜಿ.ಯ ಹತ್ತಿರ. ಚೌಕಟ್ಟಿನ ಕೊಳವೆ, ಆಂಗಲ್‌ಗಳ ಉಳಿತಾಯ ಇದರಲ್ಲಿ ಸೇರಿಲ್ಲ. ಪೂರ್ತಿ ತೂಕ ತುಂಬಿಕೊಂಡು ದಿನಕ್ಕೊಂದು ಟ್ರಿಪ್, ವರ್ಷಕ್ಕೆ 300 ದಿನ ಓಡುವ ಗಾಡಿಗೆ ಇದು ವರ್ಷಕ್ಕೆ 69 ಟನ್ ಹೆಚ್ಚು ಸರಕು. ಜಾಗವೇ ಮೊದಲು ಮುಗಿಯುವ ಸರಕಿನವರಿಗೆ ಅಷ್ಟು ಲಾಭ ಕಾಣುವುದಿಲ್ಲ, ಆದರೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವ ಊರೊಳಗಿನ ಓಟದಲ್ಲಿ ಹೊತ್ತ ಪ್ರತಿ ಕಿಲೋಗೂ ಡೀಸೆಲ್ ಸುಡಲೇಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಲಾರಿಗಿಂತ ಗಲ್ಲಿ ಸುತ್ತುವ ಡೆಲಿವರಿ ಗಾಡಿಗೆ ಸತ್ತ ತೂಕದ ದಂಡ ಹೆಚ್ಚು. ‘ಲೀಟರಿಗೆ ಎಷ್ಟು ಕೊಡುತ್ತೆ’ ಎಂದು ಶೋರೂಮಿನಲ್ಲಿ ಕೇಳಿದ ಪ್ರಶ್ನೆಯ ಉತ್ತರದಲ್ಲಿ ಒಂದು ಪಾಲು ಬಾಡಿ ಶೆಡ್ಡಿನಲ್ಲಿ ಬರೆಯಲ್ಪಡುತ್ತದೆ.

ಇದಕ್ಕೆ ಮೊದಲು ಏಳುವ ಆಕ್ಷೇಪ ನನಗೆ ಗೊತ್ತು: ನಮ್ಮ ರಸ್ತೆಗೆ, ನಮ್ಮ ಲೋಡಿಗೆ ಗಟ್ಟಿ ಬಾಡಿಯೇ ಬೇಕು, ಕಾಗದದಲ್ಲಿ ಬರೆದಷ್ಟೇ ತುಂಬಿದರೆ ಹೊಟ್ಟೆ ತುಂಬುವುದಿಲ್ಲ. ಈ ಮಾತಿನ ಹಿಂದಿನ ಕಷ್ಟ ನಿಜ, ಬಾಡಿಗೆ ದರ ಕುಸಿದಾಗ ಮಾಲೀಕನ ಕೈಗೆ ಉಳಿದಿರುವ ದಾರಿ ಹೆಚ್ಚು ತುಂಬುವುದೊಂದೇ ಎನಿಸುತ್ತದೆ. ಆದರೆ ಆ ದಾರಿ ಕಿರಿದಾಗುತ್ತಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ಆಕ್ಸಲ್ ತೂಕದ ಮಿತಿಯನ್ನು ಏರಿಸಿತು. ಎರಡು ಆಕ್ಸಲಿನ ಆರು ಚಕ್ರದ ಲಾರಿಗೆ 16.2 ಟನ್ ಇದ್ದದ್ದು 18.5 ಟನ್ ಆಯಿತು. ಮರುವರ್ಷವೇ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ದಂಡ ಹೇಳಿತು. ರಸ್ತೆಯ ದೃಷ್ಟಿಯಿಂದಲೂ ಇದು ಚಿಲ್ಲರೆ ವಿಷಯವಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಹೊರಟ ಸೂತ್ರದ ಪ್ರಕಾರ ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಶೇಕಡ 20 ಹೆಚ್ಚಾದರೆ ಹಾನಿ ಎರಡು ಪಟ್ಟು. ಗಟ್ಟಿ ಬಾಡಿ ಬೇಕೆನ್ನುವ ರಸ್ತೆಯನ್ನು ಹಾಳು ಮಾಡುವುದರಲ್ಲಿ ಆ ಗಟ್ಟಿ ಬಾಡಿಯ ಪಾಲೂ ಇದೆ.

ಇದೇ ಮನೋಭಾವದ ಇನ್ನೊಂದು ಕೆಲಸ ಹೊಸ ಗಾಡಿ ಬಂದ ವಾರದಲ್ಲೇ ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೆರಡು ಪಟ್ಟಿ ಸೇರಿಸುವುದು. ಇದರ ಅಪಾಯವನ್ನು ಬಿಡಿಸಿ ಹೇಳಲೇಬೇಕು. ಬಹಳಷ್ಟು ಪಿಕಪ್ ಮತ್ತು ಲಘು ಟ್ರಕ್ಕುಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಒಂದು ವಾಲ್ವ್ ಇರುತ್ತದೆ. ಮೆಕ್ಯಾನಿಕ್‌ಗಳು ಎಲ್‌ಎಸ್‌ಪಿವಿ ಎನ್ನುತ್ತಾರೆ. ಲೋಡು ಏರಿದಂತೆ ಚಾಸಿ ಎಷ್ಟು ತಗ್ಗಿತು ಎಂಬುದನ್ನು ಒಂದು ಸರಳಿನ ಮೂಲಕ ಅಳೆದು, ಅದಕ್ಕೆ ತಕ್ಕಂತೆ ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಕೊಡುವುದು ಅದರ ಕೆಲಸ. ಖಾಲಿ ಇದ್ದಾಗ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ಜಾರಬಾರದು, ಲೋಡಿದ್ದಾಗ ಪೂರ್ತಿ ಬ್ರೇಕು ಸಿಗಬೇಕು, ಇದು ಉದ್ದೇಶ. ಪಟ್ಟಿ ಹೆಚ್ಚಿಸಿದಾಗ ಅಷ್ಟೇ ಲೋಡಿಗೆ ಚಾಸಿ ಮೊದಲಿನಷ್ಟು ತಗ್ಗುವುದಿಲ್ಲ. ವಾಲ್ವಿಗೆ ಗಾಡಿ ಅರ್ಧ ಖಾಲಿ ಎಂದು ಕಾಣುತ್ತದೆ, ಅದು ಹಿಂದಿನ ಬ್ರೇಕನ್ನು ತಡೆಹಿಡಿಯುತ್ತದೆ. ತೂಕ ಅತಿ ಹೆಚ್ಚಿರುವ ಹೊತ್ತಿಗೇ ಬ್ರೇಕು ಅತಿ ಕಡಿಮೆ. ಚಾರ್ಮಾಡಿ, ಶಿರಾಡಿಯಂಥ ಇಳಿಜಾರಿನಲ್ಲಿ ಇದು ಪ್ರಾಣದ ಪ್ರಶ್ನೆ. ಪಟ್ಟಿ ಸೇರಿಸುವುದೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ತೂಕ ಸಾಲದೆಂದರೆ ಒಂದು ವರ್ಗ ಮೇಲಿನ ಗಾಡಿ ಕೊಳ್ಳಬೇಕು, ಇಲ್ಲವೇ ಬಾಡಿಯ ತೂಕ ಇಳಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಉಕ್ಕಾದರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಅರ್ಧ ದಿನದಲ್ಲಿ ರಿಪೇರಿಯಾಗುತ್ತದೆ, ಅಲ್ಯೂಮಿನಿಯಂ ಮುಟ್ಟುವ ಕೈ ಎಲ್ಲ ಕಡೆ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಒಪ್ಪುತ್ತೇನೆ. ಅದಕ್ಕೇ ನಾನು ಇಡೀ ಬಾಡಿಯನ್ನು ಒಂದೇ ಲೋಹದಲ್ಲಿ ಕಟ್ಟಿಸಿ ಎನ್ನುತ್ತಿಲ್ಲ. ಪೆಟ್ಟು ತಿನ್ನುವ ನೆಲ ಮತ್ತು ಕೆಳಚೌಕಟ್ಟು ಉಕ್ಕಿನದೇ ಇರಲಿ. ಗೋಡೆ, ಚಾವಣಿಗಳನ್ನು ಅಲ್ಯೂಮಿನಿಯಂ ಹಲಗೆಗಳಾಗಿ ರಿವೆಟ್ ಹೊಡೆಸಿ, ಜಜ್ಜಿದ ಹಲಗೆಯನ್ನಷ್ಟೇ ಬಿಚ್ಚಿ ಬದಲಿಸುವಂತಿರಲಿ. ಫೈಬರ್ ಹಲಗೆಯಾದರೆ ಇನ್ನೂ ಸುಲಭ, ರಾಳ ಮತ್ತು ಮ್ಯಾಟ್ ಇದ್ದರೆ ತೇಪೆ ಹಾಕಬಹುದು. ಎರಡು ಲೋಹ ಸೇರುವಲ್ಲಿ ಮಾತ್ರ ಎಚ್ಚರ ಬೇಕು. ಉಕ್ಕು, ಅಲ್ಯೂಮಿನಿಯಂ ನೇರವಾಗಿ ತಾಗಿ ನೀರು ಬಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಉಪ್ಪುನೀರಾದರೆ ಬಹಳ ಬೇಗ. ಮಂಗಳೂರು, ಮಲ್ಪೆ, ಕಾರವಾರದಿಂದ ಮೀನು ಹೊರುವ ಗಾಡಿಗಳಲ್ಲಿ ಮಂಜುಗಡ್ಡೆ ಕರಗಿದ ನೀರು ದಿನವಿಡೀ ಇಳಿಯುತ್ತಿರುತ್ತದೆ, ಮೇಲಿಂದ ಕಡಲ ಗಾಳಿ. ಅಂಥ ಕಡೆ ಸಂದಿಗಳಿಗೆ ರಬ್ಬರ್ ಪಟ್ಟಿ ಕೂರಿಸುವುದೂ, ನೀರು ನೆಲದಲ್ಲಿ ನಿಲ್ಲದೆ ಕೊಳವೆಯಲ್ಲಿ ಹರಿದುಹೋಗುವಂತೆ ಮಾಡುವುದೂ ತಗಡಿನ ದಪ್ಪಕ್ಕಿಂತ ಮುಖ್ಯ.

ತಂಪು ಪೆಟ್ಟಿಗೆಯವರಿಗೆ ಈ ತೂಕದ ವಾದವೇ ಒಂದು ಕಡೆ ತಿರುವು ಪಡೆಯುತ್ತದೆ. ಐಸ್‌ಕ್ರೀಂ ಮೈನಸ್ 18 ಡಿಗ್ರಿಗಿಂತ ಮೇಲೆ ಬರಬಾರದು. ಆದರೆ ಹಂಚುವ ಗಾಡಿ ದಿನಕ್ಕೆ ಹತ್ತಾರು ಸಲ ಬಾಗಿಲು ತೆರೆಯುತ್ತದೆ, ತೆರೆದಾಗಲೆಲ್ಲ ತಣ್ಣನೆಯ ಗಾಳಿ ನೆಲದ ಮೇಲೆ ಹರಿದು ಹೊರಬೀಳುತ್ತದೆ. ಎಂಜಿನ್ನಿನಿಂದ ಓಡುವ ಕಂಪ್ರೆಸರ್ ಟ್ರಾಫಿಕ್ಕಿನಲ್ಲಿ ನಿಧಾನವಾಗುತ್ತದೆ, ಅಂಗಡಿ ಮುಂದೆ ಎಂಜಿನ್ ನಿಲ್ಲಿಸಿದರೆ ನಿಂತೇಹೋಗುತ್ತದೆ. ಇಲ್ಲಿ ಯುಟೆಕ್ಟಿಕ್ ಪ್ಲೇಟು ಹಾಕಿದ ಪೆಟ್ಟಿಗೆ ಒಳ್ಳೆಯದು: ರಾತ್ರಿ ಕರೆಂಟಿಗೆ ಸಿಕ್ಕಿಸಿದರೆ ಪ್ಲೇಟಿನೊಳಗಿನ ಲವಣದ್ರಾವಣ ಹೆಪ್ಪುಗಟ್ಟಿ, ಹಗಲೆಲ್ಲ ನಿಧಾನವಾಗಿ ಕರಗುತ್ತ ತಂಪು ಕೊಡುತ್ತದೆ. ಪ್ಲೇಟುಗಳು ಭಾರ, ಅಷ್ಟು ಸರಕು ಕಡಿಮೆಯಾಗುತ್ತದೆ. ಆದರೂ ಬಾಗಿಲು ಪದೇಪದೇ ತೆರೆಯುವವರಿಗೆ ಆ ತೂಕ ಹೊರುವುದೇ ಸರಿ. ಅದು ಸರಕನ್ನು ಕಾಯುವ ತೂಕ.

ಬಾಗಿಲು ಮತ್ತು ನೆಲದ ಎತ್ತರದ ಬಗ್ಗೆ ಶೆಡ್ಡಿನಲ್ಲಿ ಯಾರೂ ಮಾತೇ ಆಡುವುದಿಲ್ಲ, ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ಚಿಕ್ಕಪೇಟೆಯ ಓಣಿಯಲ್ಲಿ ಹಿಂಬಾಗಿಲ ರೆಕ್ಕೆ ಬಿಚ್ಚಲು ಜಾಗವಿಲ್ಲ, ಹಿಂದೆ ನಿಂತ ಆಟೋ ಹಾರನ್ ಹೊಡೆಯುತ್ತಿರುತ್ತದೆ. ಎಡಕ್ಕೆ ನಿಲ್ಲಿಸುವ ನಮ್ಮ ದೇಶದಲ್ಲಿ ಎಡಪಕ್ಕಕ್ಕೆ ಜಾರುವ ಬಾಗಿಲಿದ್ದರೆ ಇಳಿಸುವವರು ವಾಹನಗಳ ನಡುವೆ ನಿಲ್ಲದೆ ಅಂಗಡಿ ಕಡೆಗೇ ಇಳಿಯುತ್ತಾರೆ. ಕೊನೆಯ ಅಂಗಡಿಯ ಮಾಲನ್ನು ಮೊದಲು ತುಂಬಿ, ಮೊದಲಿನದನ್ನು ಬಾಗಿಲ ಬಳಿ ಇಡುವ ಕಷ್ಟವೂ ಕಡಿಮೆ. ರೋಲಿಂಗ್ ಶಟರ್ ಓಣಿಗೆ ಚೆನ್ನ, ಆದರೆ ಸುರುಳಿ ಕೂರಲು ಚಾವಣಿಯ ಕೆಳಗಿನ ಜಾಗ ತಿನ್ನುತ್ತದೆ. ಇನ್ನು ನೆಲ. ಕೈಯಿಂದ ಎತ್ತಲು ಅತ್ಯಂತ ಅನುಕೂಲವಾದದ್ದು ಸುಮಾರು 75 ಸೆಂ.ಮೀ. ಎತ್ತರ, ಆ ಸ್ಥಿತಿಯಲ್ಲೂ 23 ಕೆ.ಜಿ. ಮೀರಬಾರದು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹಾಕಿರುವ ಲೆಕ್ಕ. ನಮ್ಮ ಸಿಮೆಂಟ್ ಚೀಲ 50 ಕೆ.ಜಿ., ಗಾಡಿಯ ನೆಲ ಸೊಂಟದ ಮೇಲೆ. ಭಾರದ ಬಾಡಿ ಕಟ್ಟುವಾಗ ಚಾಸಿಯ ಮೇಲೆ ಚಾನೆಲ್, ಅದರ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಚೆಕರ್ಡ್ ಪ್ಲೇಟು ಎಂದು ಪೇರಿಸುತ್ತ ಹೋದಂತೆ ನೆಲ ಇನ್ನೂ ಮೇಲೇರುತ್ತದೆ. ಅಡ್ಡಪಟ್ಟಿಗಳನ್ನು ಚಾನೆಲ್ ಮಟ್ಟಕ್ಕೇ ಕೂರಿಸಿದರೆ ಕೆಲವು ಇಂಚು ಇಳಿಯುತ್ತದೆ, ಹಿಂದೆ ಮಡಚುವ ಮೆಟ್ಟಿಲಿಟ್ಟರೆ ಹತ್ತಿಳಿಯುವ ಮೊಣಕಾಲು ಉಳಿಯುತ್ತದೆ. 3.5 ಟನ್ ಮೀರಿದ ಹೊಸ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂದು 2025ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿದೆ. ಚಾಲಕನಿಗೆ ಸಂದ ಆ ಗಮನ ದಿನಕ್ಕೆ ನೂರು ಸಲ ಬಗ್ಗಿ ಏಳುವ ಹಮಾಲಿಯ ಬೆನ್ನಿಗೂ ಸಲ್ಲಬೇಕು.

ಕೊನೆಯದಾಗಿ ಒಂದು ಮಾತು ಬಿಟ್ಟುಕೊಡಲೇಬೇಕು. ಇವತ್ತು ಕೋಲಾರದ ಮಂಡಿಯಿಂದ ಟೊಮೆಟೊ ಕ್ರೇಟು, ನಾಳೆ ಯಾರದೋ ಮನೆ ಸಾಮಾನು, ನಾಡಿದ್ದು ಪ್ಲೈವುಡ್ ಎಂದು ಸಿಕ್ಕ ಬಾಡಿಗೆಗೆ ಓಡುವವರಿಗೆ ನನ್ನ ಈ ನಾಜೂಕು ಲೆಕ್ಕ ಹೊಂದುವುದಿಲ್ಲ. ಅವರಿಗೆ ತೆರೆದ ಬಾಡಿ, ಒಳ್ಳೆಯ ಟಾರ್ಪಾಲು, ಹಗ್ಗ ಕಟ್ಟಲು ಸಾಕಷ್ಟು ಕೊಂಡಿ ಇದ್ದರೆ ಸಾಕು. ಮಾರುವಾಗ ಗಿರಾಕಿಯೂ ಬೇಗ ಸಿಗುತ್ತಾನೆ. ಕಂಪನಿಯೇ ಕಟ್ಟಿದ ಬಾಡಿ ಸಿಗುವಾಗ ಶೆಡ್ಡಿಗೇಕೆ ಹೋಗಬೇಕು ಎನ್ನುವವರೂ ಸರಿಯೇ, ಅವರು ಶೋರೂಮಿನಲ್ಲೇ ಇವೇ ಪ್ರಶ್ನೆಗಳನ್ನು ಕೇಳಲಿ. ವರ್ಷವಿಡೀ ಒಂದೇ ಬಗೆಯ ಸರಕು ಹಂಚುವವರು, ಅದರಲ್ಲೂ ಬ್ಯಾಟರಿಯೇ ತೂಕದ ದೊಡ್ಡ ಪಾಲು ತಿನ್ನುವ ವಿದ್ಯುತ್ ಗಾಡಿ ಕೊಳ್ಳುವವರು, ಶೆಡ್ಡಿಗೆ ಬಾಯಿಮಾತಿನಲ್ಲಿ ಒಪ್ಪಿಸಬಾರದು. ನಾಮಕ್ಕಲ್ಲಿನ ಹೆಸರುವಾಸಿ ಶೆಡ್ಡಾದರೂ ಸರಿ, ಊರಿನದೇ ಆದರೂ ಸರಿ, ತಗಡಿನ ದಪ್ಪ, ನೆಲದ ಎತ್ತರ, ಬಾಗಿಲ ಅಗಲ, ಹಿಂದಿನ ಚಕ್ರದಿಂದಾಚೆ ಎಷ್ಟು ಚಾಚಬೇಕು (ವೀಲ್‌ಬೇಸಿನ ಶೇಕಡ 60 ಮೀರುವಂತಿಲ್ಲ), ಖಾಲಿ ಬಾಡಿ ಗರಿಷ್ಠ ಎಷ್ಟು ಕಿಲೋ ತೂಗಬಹುದು ಎಂಬುದೆಲ್ಲ ನಕ್ಷೆಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಚಾಸಿಯನ್ನು ಶೆಡ್ಡಿಗೆ ಬಿಡುವ ಮೊದಲು ವೇಬ್ರಿಡ್ಜ್ ಮೇಲೆ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಬಾಡಿ ಕಟ್ಟಿದ ಮೇಲೆ ಅಷ್ಟೇ ಡೀಸೆಲ್ ಇಟ್ಟು ಮತ್ತೆ ತೂಗಿಸಿ. ಶೆಡ್ಡಿನವರ ಬಾಕಿ ಹಣವನ್ನು ಎರಡನೆಯ ಚೀಟಿ ಕೈಗೆ ಬಂದ ಮೇಲೆಯೇ ಕೊಡಿ.