ನಾಯಕ ಬಾಯಿ ಬಿಡದ ಎರಡು ನಿಮಿಷ

ಸಾಲಾಗಿ ನಿಂತ ಜೀಪುಗಳ ಮೇಲೆ ರಾಕಿ ದೈತ್ಯ ಬಂದೂಕಿನಿಂದ ಗುಂಡಿನ ಮಳೆಗರೆಯುತ್ತಾನೆ. ಜೀಪುಗಳು ಒಂದೊಂದಾಗಿ ಗಾಳಿಗೆ ಹಾರಿ ಬೀಳುತ್ತವೆ. ಸದ್ದು ನಿಲ್ಲುತ್ತದೆ. ಬಂದೂಕಿನ ನಳಿಗೆ ಕಾದು ಕೆಂಪಾಗಿದೆ. ಆತ ಸಿಗರೇಟನ್ನು ಆ ನಳಿಗೆಗೇ ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಈ ಟೀಸರ್, ರಾಕಿಯ ಪಾತ್ರ ಮಾಡಿದ ಯಶ್ ಹುಟ್ಟುಹಬ್ಬದಂದು ಬರಬೇಕಿತ್ತು. ಸೋರಿಕೆಯಾದ ಕಾರಣ 2021ರ ಜನವರಿ 7ರ ರಾತ್ರಿಯೇ ಅದನ್ನು ಬಿಟ್ಟರು. ಎರಡು ದಿನದಲ್ಲಿ ಯೂಟ್ಯೂಬಿನಲ್ಲಿ 10 ಕೋಟಿ ವೀಕ್ಷಣೆ ದಾಟಿತು.

ಎಲ್ಲರೂ ಮಾತಾಡಿದ್ದು ಆ ಸಿಗರೇಟಿನ ಬಗ್ಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಸಂಗತಿ. ಎರಡು ನಿಮಿಷಕ್ಕೂ ಮಿಕ್ಕಿದ ಆ ಟೀಸರ್‌ನಲ್ಲಿ ನಾಯಕ ಒಂದೇ ಒಂದು ಮಾತನ್ನೂ ಆಡುವುದಿಲ್ಲ.

ಇದು ಸಣ್ಣ ವಿಷಯವಲ್ಲ. ನಮ್ಮ ಸಾಹಸ ಚಿತ್ರಗಳಲ್ಲಿ ಮಾತೇ ಮೊದಲ ಆಯುಧ. 1996ರ ‘ಪೊಲೀಸ್ ಸ್ಟೋರಿ’ಯನ್ನು ನೆನಪಿಸಿಕೊಳ್ಳಿ. ಸಾಯಿಕುಮಾರ್ ಅವರ ಅಗ್ನಿ ಪಾತ್ರ ಲಾಠಿಗಿಂತ ಹೆಚ್ಚಾಗಿ ನಾಲಿಗೆಯಿಂದಲೇ ಹೊಡೆದಿತ್ತು. ಪಂಚ್ ಡೈಲಾಗ್ ಇಲ್ಲದ ಮಾಸ್ ಹೀರೋನನ್ನು ಗಾಂಧಿನಗರ ಊಹಿಸಿಕೊಂಡೇ ಇರಲಿಲ್ಲ. ‘ಕೆಜಿಎಫ್’ ನಿರ್ದೇಶಕ ಪ್ರಶಾಂತ್ ನೀಲ್ ಅವರ ಬಳಗ ಮಿಕ್ಕೆಲ್ಲ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿತು. ತಾಯಿಗೆ ಕೊಟ್ಟ ಮಾತಿದೆ, ಅಧೀರನೆಂಬ ಭೀಕರ ಖಳನಿದ್ದಾನೆ, ದೆಹಲಿಯ ಅಧಿಕಾರದ ಗದ್ದುಗೆಯಲ್ಲಿ ರಮಿಕಾ ಸೇನ್ ಇದ್ದಾಳೆ, ನಾಯಕನನ್ನು ಕಾಯುವ ಜನಸಾಗರವಿದೆ, ಕೊನೆಗೆ ಬಂದೂಕೂ ಇದೆ. ಈ ಪ್ರಕಾರದ ಸಿನಿಮಾದಿಂದ ಪ್ರೇಕ್ಷಕ ಬಯಸುವ ಪ್ರತಿಯೊಂದನ್ನೂ ಎಣಿಸಿ ಎಣಿಸಿ ಕೊಟ್ಟು, ಒಂದನ್ನು ಮಾತ್ರ ತಡೆಹಿಡಿದರು: ರಾಕಿಯ ದನಿ. ಮಾತಿಲ್ಲದ ಕಾರಣಕ್ಕೇ ಒಂದೇ ಟೀಸರ್ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಪ್ರೇಕ್ಷಕರೆಲ್ಲರಿಗೂ ಸಂದಿತು ಎಂಬುದು ವ್ಯಾಪಾರದ ಲಾಭ. ರಸಿಕನಿಗೆ ದಕ್ಕಿದ್ದು ಅದಕ್ಕಿಂತ ದೊಡ್ಡದು. ಆ ದನಿಗಾಗಿ ಆತ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದ. 2022ರ ಮಾರ್ಚ್ 27ರಂದು ಟ್ರೇಲರ್ ಬಂದಾಗ ರಾಕಿ ಬಾಯಿ ತೆರೆದ, ಹಿಂಸೆಗೇ ತನ್ನ ಮೇಲೆ ಪ್ರೀತಿ ಎಂದ. ಆ ಮಾತು ಹಳ್ಳಿಹಳ್ಳಿಯ ಹುಡುಗರ ಬಾಯಿಗೂ ಬಂದದ್ದರ ಹಿಂದೆ ಅಷ್ಟು ಕಾಲದ ಮೌನವಿತ್ತು.

ಸಾಹಸ ಚಿತ್ರದ ಒಳ್ಳೆಯ ಟ್ರೇಲರ್‌ಗೆ ನನ್ನ ಅಳತೆಗೋಲು ಇದೇ. ಪ್ರಕಾರದ ನಿಯಮಗಳನ್ನೆಲ್ಲ ಅದು ಪಾಲಿಸಬೇಕು. ಯಾಕೆಂದರೆ ಟಿಕೆಟ್ ಕೊಳ್ಳುವವನಿಗೆ ತಾನು ಯಾವ ಬಗೆಯ ಸಿನಿಮಾಕ್ಕೆ ಹೋಗುತ್ತಿದ್ದೇನೆಂಬ ಭರವಸೆ ಬೇಕು. ಆದರೆ ಒಂದು ನಿಯಮವನ್ನು ಅದು ಬೇಕೆಂದೇ ಮುರಿಯಬೇಕು. ಆ ಸಿನಿಮಾದ ಸ್ವಂತ ಮುಖ ಕಾಣುವುದು ಅಲ್ಲಿಯೇ. ಎಲ್ಲವನ್ನೂ ಮುರಿದರೆ ಪ್ರೇಕ್ಷಕ ಗೊಂದಲಕ್ಕೆ ಬೀಳುತ್ತಾನೆ. ಒಂದನ್ನೂ ಮುರಿಯದಿದ್ದರೆ ಹೆಸರು ಮರೆಯುತ್ತಾನೆ.

ನಿಯಮಗಳು ಎಂದರೆ ಯಾವುವು? ಲೀಸಾ ಕರ್ನನ್ ಎಂಬ ವಿದ್ವಾಂಸೆ ಅಮೆರಿಕದ ಟ್ರೇಲರ್‌ಗಳ ಬಗ್ಗೆ 2004ರಲ್ಲಿ ಒಂದು ಪುಸ್ತಕ ತಂದರು. ಟ್ರೇಲರ್ ನಮ್ಮನ್ನು ಸೆಳೆಯುವುದು ಪ್ರಕಾರ, ಕಥೆ, ತಾರೆ ಈ ಮೂರರ ಆಸೆ ತೋರಿಸಿ ಎಂಬುದು ಅವರ ವಿಂಗಡಣೆ. ಸಾಹಸ ಚಿತ್ರಗಳಲ್ಲಿ ಈ ಮೂರೂ ಕೂಡಿಕೊಳ್ಳುವ ಒಂದು ಜಾಗವಿದೆ, ಅದು ನಾಯಕನ ಪ್ರವೇಶ. ಮೊದಲು ಬೂಟು, ಆಮೇಲೆ ಬೆನ್ನು, ಮುಷ್ಟಿ, ಹೊಗೆಯ ನಡುವೆ ಒಂದು ನೆರಳು, ಕೊನೆಗೆ ಕಣ್ಣು. ಇದನ್ನು ನಾವು ಹಾಲಿವುಡ್‌ನಿಂದ ಕಲಿತೆವು ಎನ್ನುವವರು ಕರಾವಳಿಯಲ್ಲಿ ಒಂದು ರಾತ್ರಿ ಯಕ್ಷಗಾನದ ಆಟ ನೋಡಬೇಕು. ಬಣ್ಣದ ವೇಷ ರಂಗಕ್ಕೆ ಬರುವ ಕ್ರಮವೇ ಅದು. ತೆರೆಯ ಹಿಂದಿನಿಂದ ಮೊದಲು ಅಬ್ಬರ ಕೇಳುತ್ತದೆ. ತೆರೆಯ ಮೇಲಂಚಿನಲ್ಲಿ ಕಿರೀಟ ಇಣುಕುತ್ತದೆ, ಮರೆಯಾಗುತ್ತದೆ. ಚೆಂಡೆ ಏರುತ್ತದೆ. ಸಭೆ ಕಾದು ಕಾದು ಹಣ್ಣಾದ ಮೇಲೆಯೇ ಮುಖ. ‘ಕೆಜಿಎಫ್’ಗೆ ಸಂಗೀತ ಕೊಟ್ಟ ರವಿ ಬಸ್ರೂರು ಕುಂದಾಪುರದ ಕಡೆಯವರು. ಮುಂದೆ 2025ರಲ್ಲಿ ಯಕ್ಷಗಾನವನ್ನೇ ತೆರೆಗೆ ತಂದು ‘ವೀರ ಚಂದ್ರಹಾಸ’ ನಿರ್ದೇಶಿಸಿದವರೂ ಅವರೇ. ಅವರ ಹಿನ್ನೆಲೆ ಸಂಗೀತ ನಾಯಕನನ್ನು ಕಾಯಿಸುವ ರೀತಿಯಲ್ಲಿ ನನಗೆ ಚೆಂಡೆಯ ಏರಿಕೆಯೇ ಕೇಳಿಸುತ್ತದೆ.

ಪ್ರವೇಶದ ಜೊತೆಗೇ ಬರುವ ಇನ್ನೊಂದು ನಿಯಮವನ್ನು ನಮ್ಮ ಹುಡುಗರು ‘ಬಿಲ್ಡಪ್’ ಅನ್ನುತ್ತಾರೆ. ನಾಯಕ ಎಂಥವನು ಎಂದು ನಾಯಕ ಹೇಳಬಾರದು, ಅವನಿಗೆ ಹೆದರುವವರು ಹೇಳಬೇಕು. 2014ರ ‘ಜಾನ್ ವಿಕ್’ ಟ್ರೇಲರ್ ಇದರ ಅತ್ಯುತ್ತಮ ಪಾಠ. ಮಗ ಯಾರ ಮನೆಗೆ ನುಗ್ಗಿ ಬಂದಿದ್ದಾನೆಂದು ತಿಳಿದಾಗ ಮಾಫಿಯಾದ ಮುಖಂಡನ ಮುಖ ಬಿಳುಚಿಕೊಳ್ಳುತ್ತದೆ. ಖಳನೇ ನಡುಗಿದ ಮೇಲೆ ಕಿಯಾನು ರೀವ್ಸ್ ಏನನ್ನೂ ಸಾಬೀತು ಮಾಡಬೇಕಿಲ್ಲ. ಆತ ಸುತ್ತಿಗೆ ಎತ್ತಿ ನೆಲ ಒಡೆದು ಹೂತಿಟ್ಟ ಆಯುಧಗಳನ್ನು ಹೊರತೆಗೆಯುವಾಗ ಆಯುಧಪೂಜೆಯ ಗಾಂಭೀರ್ಯ ಬರುತ್ತದೆ. ಇಷ್ಟೆಲ್ಲ ಹಳೆಯ ಸಾಮಗ್ರಿಯೇ. ಮುರಿದ ನಿಯಮ ಎಲ್ಲಿದೆ? ಸೇಡಿಗೆ ಕಾರಣದಲ್ಲಿ. ಕೊಲೆಯಾದ ಅಣ್ಣ, ಅಪಹರಣವಾದ ಮಗಳು ಇಲ್ಲಿಲ್ಲ. ತೀರಿಹೋದ ಹೆಂಡತಿ ಬಿಟ್ಟುಹೋದ ಒಂದು ನಾಯಿಮರಿ ಇದೆ. ಅಷ್ಟು ಚಿಕ್ಕ ಜೀವಕ್ಕಾಗಿ ಅಷ್ಟು ದೊಡ್ಡ ಯುದ್ಧ ಎಂಬ ಅಳತೆಯ ವ್ಯತ್ಯಾಸವೇ ಜನರನ್ನು ಥಿಯೇಟರಿಗೆ ಎಳೆಯಿತು.

ಇತ್ತೀಚಿನ ವರ್ಷಗಳಲ್ಲಿ ದಕ್ಷಿಣದಿಂದ ಬಂದ ಟೀಸರ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಲೋಕೇಶ್ ಕನಕರಾಜ್ ಅವರ ‘ವಿಕ್ರಮ್’ ಶೀರ್ಷಿಕೆ ಟೀಸರ್. 2020ರ ನವೆಂಬರ್ 7, ಕಮಲ್ ಹಾಸನ್ ಹುಟ್ಟುಹಬ್ಬದ ದಿನ ಅದು ಬಂತು. ಸಿನಿಮಾ ಬಂದದ್ದು 2022ರ ಜೂನ್‌ನಲ್ಲಿ. ಈ ಟೀಸರ್ ಮುರಿದದ್ದು ಜಾಗದ ನಿಯಮವನ್ನು. ಬಂದರಿಲ್ಲ, ಗಣಿಯಿಲ್ಲ, ಹೊಗೆ ಏಳುವ ಬೀದಿಯಿಲ್ಲ. ಒಂದು ಮನೆ, ಅಲ್ಲೊಬ್ಬ ವಯಸ್ಸಾದ ಮನುಷ್ಯ ಅತಿಥಿಗಳಿಗೆ ಅಡುಗೆ ಮಾಡುತ್ತಿದ್ದಾನೆ. ನಡುನಡುವೆ ಮನೆಯ ಮೂಲೆಮೂಲೆಯಲ್ಲಿ ಆಯುಧಗಳನ್ನು ಅಡಗಿಸಿಡುತ್ತಾನೆ, ಸೌಟು ಹಿಡಿದಷ್ಟೇ ಸಲೀಸಾಗಿ. ಬಾಳೆಲೆ ಹಾಕುತ್ತಾನೆ. ಬಂದವರು ಕೂರುತ್ತಾರೆ. ಬಡಿಸುತ್ತಾನೆ. ಇನ್ನೇನು ಏನಾಗಲಿದೆ ಎಂಬುದು ನಮಗೆ ಗೊತ್ತು, ಎಲೆಯ ಮುಂದೆ ಕೂತವರಿಗೆ ಗೊತ್ತಿಲ್ಲ. ಅನಿರುದ್ಧ್ ಸಂಗೀತ ಕೂಡ ಆ ಗಳಿಗೆಯವರೆಗೆ ಹೊರಗೆ ಚಿಮ್ಮದೆ ಒಳಗೇ ಕುದಿಯುತ್ತದೆ. ಶುರುಮಾಡೋಣವೇ ಎಂದು ಆತ ಕೇಳಿದಾಗ ಅದು ಊಟಕ್ಕೆ ಕರೆದ ಮಾತೂ ಹೌದು, ಕಾಳಗದ ಕಹಳೆಯೂ ಹೌದು. ಸಾಹಸ ಚಿತ್ರದ ಟೀಸರ್‌ನಲ್ಲಿ ಕತ್ತಿ ಬೀಸುವುದಕ್ಕಿಂತ ಕತ್ತಿ ಎಲ್ಲಿದೆ ಎಂದು ಗೊತ್ತಿರುವುದು ಹೆಚ್ಚು ರೋಮಾಂಚನ ಕೊಡುತ್ತದೆಂದು ತೋರಿಸಿದ ಅಪರೂಪದ ಕೆಲಸವಿದು. ಈ ಊಟದ ದೃಶ್ಯ ಸಿನಿಮಾದಲ್ಲಿಲ್ಲ. ಟೀಸರಿಗಾಗಿಯೇ ಬರೆದು, ಟೀಸರಿಗಾಗಿಯೇ ಚಿತ್ರೀಕರಿಸಿದ್ದು. ಒಬ್ಬ ನಿರ್ದೇಶಕ ಟೀಸರನ್ನು ಸ್ವತಂತ್ರ ಕೃತಿಯೆಂದು ಗೌರವಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಸದ್ದಿನ ಬಗ್ಗೆಯೂ ಹೇಳಲೇಬೇಕು. 2010ರ ‘ಇನ್ಸೆಪ್ಷನ್’ ಪ್ರಚಾರದ ನಂತರ, ಕಿವಿ ನಡುಗಿಸುವ ಆ ಭಾರೀ ಕಹಳೆ ದನಿ ಲೋಕದ ಎಲ್ಲ ಸಾಹಸ ಟ್ರೇಲರ್‌ಗಳಿಗೂ ಅಂಟಿಕೊಂಡಿತು. ಸದ್ದು ಏರುವುದು, ತಟ್ಟನೆ ಮೌನ, ಒಂದು ಉಸಿರು, ಮತ್ತೆ ಸ್ಫೋಟ. ಜಾರ್ಜ್ ಮಿಲ್ಲರ್ ಅವರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಟ್ರೇಲರ್‌ಗಳಲ್ಲಿ ಒಂದು ಈ ಸಾಲಿನಿಂದ ಹೊರಬಂತು. ನಮೀಬಿಯಾದ ಮರುಭೂಮಿಯಲ್ಲಿ ಲಾರಿಗಳು ಉರುಳುವಾಗ, ಉದ್ದನೆಯ ಕಂಬಗಳ ತುದಿಯಲ್ಲಿ ಮನುಷ್ಯರು ತೂಗಾಡುವಾಗ, ಹಿಂದೆ ಕೇಳುವುದು 19ನೆಯ ಶತಮಾನದ ವೆರ್ಡಿ ಸಾವಿನ ಪ್ರಾರ್ಥನೆಗೆ ಕಟ್ಟಿದ ಸಂಗೀತ. ಬರಿಯ ಓಟ ಅದರಿಂದ ಪ್ರಳಯವಾಯಿತು. 2015ರ ಆ ಸಿನಿಮಾದ ಸಂಕಲನಕ್ಕೆ ಮಾರ್ಗರೆಟ್ ಸಿಕ್ಸೆಲ್ ಆಸ್ಕರ್ ಪಡೆದರು. ಅದಕ್ಕೆ ಮುಂಚೆ ಅವರು ಸಾಹಸ ಚಿತ್ರವನ್ನು ಸಂಕಲನ ಮಾಡಿದ್ದೇ ಇಲ್ಲ.

ಟ್ರೇಲರ್ ಎಲ್ಲವನ್ನೂ ತೋರಿಸಿಬಿಡುತ್ತದೆ ಎಂಬ ದೂರು ಎಲ್ಲ ಕಡೆಯೂ ಕೇಳುತ್ತದೆ. ಇಲ್ಲಿ ಒಂದು ಭೇದ ಮಾಡಬೇಕು. ಸಾಹಸವನ್ನು ತೋರಿಸುವುದು ಬೇರೆ, ಕಥೆಯ ತಿರುವನ್ನು ತೋರಿಸುವುದು ಬೇರೆ. 2015ರ ‘ಮಿಷನ್ ಇಂಪಾಸಿಬಲ್: ರೋಗ್ ನೇಷನ್’ ಪ್ರಚಾರದ ತುಂಬ ಟಾಮ್ ಕ್ರೂಸ್ ಹಾರುವ ವಿಮಾನದ ಹೊರಮೈಗೆ ಅಂಟಿಕೊಂಡು ಜೋತಾಡುವುದೇ ಇತ್ತು. ಅದೇ ಕ್ಲೈಮ್ಯಾಕ್ಸ್ ಎಂದುಕೊಂಡು ಹೋದವರಿಗೆ ಸಿನಿಮಾ ಶುರುವಾಗುತ್ತಿದ್ದಂತೆಯೇ ಆ ದೃಶ್ಯ ಮುಗಿದುಹೋಯಿತು. ಮುಂದೆ ಕಂಡದ್ದೆಲ್ಲ ಅವರಿಗೆ ಹೊಸದೇ. ಎಂಥ ಒಳ್ಳೆಯ ಲೆಕ್ಕಾಚಾರ! ಅದೇ ವರ್ಷದ ‘ಟರ್ಮಿನೇಟರ್ ಜೆನಿಸಿಸ್’ ಟ್ರೇಲರ್ ಜಾನ್ ಕಾನರ್ ಶತ್ರುವಾಗಿ ಬದಲಾಗಿದ್ದಾನೆಂಬ ಗುಟ್ಟನ್ನೇ ಬಿಚ್ಚಿಟ್ಟಿತು. ನಿರ್ದೇಶಕ ಅಲನ್ ಟೇಲರ್ ಅವರೇ ಆಮೇಲೆ ಬೇಸರ ಹೇಳಿಕೊಂಡರು. ನಮ್ಮ ಹಳೆಯ ಹಾಡಿನ ಪುಸ್ತಕಗಳಿಗೆ ಈ ಸಂಯಮ ಸಹಜವಾಗಿಯೇ ಒಲಿದಿತ್ತು. ಕಥಾಸಾರವನ್ನು ನಾಯಕಿಯ ಅಪಹರಣದವರೆಗೆ ತಂದು, ಮಿಕ್ಕದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಲ್ಲಿಸಿಬಿಡುತ್ತಿದ್ದವು.

ತೋರಿಸಿದ್ದನ್ನು ಕೊಡದಿದ್ದರೆ? 2018ರ ‘ಮಿಷನ್ ಇಂಪಾಸಿಬಲ್: ಫಾಲ್‌ಔಟ್’ ಟ್ರೇಲರ್‌ನಲ್ಲಿ ಹೆಲಿಕಾಪ್ಟರು ಎದುರಿಗೆ ಬರುವ ಲಾರಿಗೆ ಇನ್ನೇನು ಅಪ್ಪಳಿಸಬೇಕು ಎನ್ನುವ ದೃಶ್ಯವಿತ್ತು, ಸಿನಿಮಾದಲ್ಲಿರಲಿಲ್ಲ. ಯಾರೂ ಕೋರ್ಟಿಗೆ ಹೋಗಲಿಲ್ಲ. ನಮ್ಮ ದೇಶದಲ್ಲಿ ಹೋದರು. 2016ರ ‘ಫ್ಯಾನ್’ ಚಿತ್ರದ ಪ್ರಚಾರದಲ್ಲಿದ್ದ ಹಾಡು ಸಿನಿಮಾದಲ್ಲಿ ಇಲ್ಲವೆಂದು ಮಹಾರಾಷ್ಟ್ರದ ಪ್ರೇಕ್ಷಕಿಯೊಬ್ಬರು ಗ್ರಾಹಕ ವೇದಿಕೆಗೆ ದೂರು ಕೊಟ್ಟರು. ರಾಜ್ಯ ಆಯೋಗ 10,000 ರೂಪಾಯಿ ಪರಿಹಾರ ಕೊಡಿಸಿತು, ರಾಷ್ಟ್ರೀಯ ಆಯೋಗ ಅದನ್ನೇ ಎತ್ತಿಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಪ್ರಚಾರದ ತುಣುಕು ವಾಗ್ದಾನವಲ್ಲ, ಕರಾರೂ ಅಲ್ಲ ಎಂಬುದು ತೀರ್ಪಿನ ಸಾರ. ಕಾನೂನಿಗೆ ಅದು ಸರಿ. ಒಂದು ಹಾಡು, ಒಂದು ದೃಶ್ಯ ಸಂಕಲನದ ಮೇಜಿನ ಮೇಲೆ ಕತ್ತರಿಸಿ ಹೋಗುವುದು ಸಹಜ, ನಿರ್ದೇಶಕನಿಗೆ ಆ ಸ್ವಾತಂತ್ರ್ಯ ಬೇಕು. ಆದರೆ ಬಂದೂಕು, ಬೆನ್ನಟ್ಟುವ ಕಾರು, ಏರುವ ಚೆಂಡೆ ತೋರಿಸಿ ಕರೆದವರು ಆ ಬಗೆಯ ಸಿನಿಮಾವನ್ನೇ ಕೊಡಬೇಕೆಂಬುದು ಪ್ರೇಕ್ಷಕ ಮನಸ್ಸಿನಲ್ಲೇ ಬರೆದುಕೊಂಡ ಕರಾರು. 2011ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ‘ಡ್ರೈವ್’ ಚಿತ್ರದ ಮೇಲೆ ಒಬ್ಬ ಪ್ರೇಕ್ಷಕಿ ಮೊಕದ್ದಮೆ ಹೂಡಿದ್ದು ಇದೇ ಸಿಟ್ಟಿನಿಂದ. ಟ್ರೇಲರ್ ಕಾರು ಓಟದ ಚಿತ್ರದಂತಿತ್ತು, ಸಿನಿಮಾ ಮೌನದ, ಒಂಟಿತನದ ಕಥೆ. ಸಿನಿಮಾ ಅದ್ಭುತವಾಗಿತ್ತು. ಟ್ರೇಲರ್ ಅದಕ್ಕೆ ತಪ್ಪು ಪ್ರೇಕ್ಷಕರನ್ನು ಕರೆತಂದಿತು.

ಈಗ ನಮ್ಮ ಮನೆಯ ಮಾತು. ‘ಕೆಜಿಎಫ್’ ಗೆದ್ದ ಮೇಲೆ ಬಂದ ಸಾಹಸ ಚಿತ್ರಗಳ ಟ್ರೇಲರ್‌ಗಳಲ್ಲಿ ಎಷ್ಟೋ ಒಂದನ್ನೊಂದು ಹೋಲುತ್ತವೆ. ಗಡಸು ದನಿಯಲ್ಲಿ ಒಂದು ಊರಿನ ರಕ್ತಸಿಕ್ತ ಚರಿತ್ರೆ, ಮಸಿ ಬಳಿದಂಥ ಬಣ್ಣ, ಕೊಡಲಿ, ಬೂದಿ, ಸ್ಲೋ ಮೋಷನ್ ನಡಿಗೆ, ಕೊನೆಗೆ ಬಿಡುಗಡೆಯ ದಿನಾಂಕ. ಕೆಲವು ಮೂರು ನಿಮಿಷ ದಾಟುತ್ತವೆ. ಟ್ರೇಲರ್ ಎರಡು ನಿಮಿಷ ಮೀರದಿರಲಿ ಎಂದು ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘ 2014ರಲ್ಲೇ ಸೂಚಿಸಿತ್ತು. ಆ ಸೂಚನೆ ನಮ್ಮವರಿಗೂ ಒಪ್ಪುತ್ತದೆ. ಸಿನಿಮಾ ಕೆಟ್ಟದ್ದಲ್ಲದಿದ್ದರೂ ಟ್ರೇಲರ್ ಹತ್ತರಲ್ಲಿ ಹನ್ನೊಂದನೆಯದಾದರೆ ಆ ಸಿನಿಮಾ ಮೊದಲ ಶುಕ್ರವಾರವೇ ಸೋಲುತ್ತದೆ. ನಕಲು ಮಾಡಿದವರು ‘ಕೆಜಿಎಫ್’ ಪಾಲಿಸಿದ ನಿಯಮಗಳನ್ನು ಕಲಿತರು, ಮುರಿದ ನಿಯಮವನ್ನು ಕಲಿಯಲಿಲ್ಲ.

‘ಚಾಪ್ಟರ್ 2’ರ ಸಂಕಲನಕಾರ ಉಜ್ವಲ್ ಕುಲಕರ್ಣಿಗೆ ಆಗ ಇಪ್ಪತ್ತರ ಆಸುಪಾಸು. ಅಂಥ ಕಣ್ಣು, ಅಂಥ ಕಿವಿ ಇರುವ ಹುಡುಗ ಹುಡುಗಿಯರು ಇವತ್ತು ರಾಯಚೂರಿನಲ್ಲೂ ಸಾಗರದಲ್ಲೂ ಮೊಬೈಲಿನಲ್ಲೇ ತುಣುಕುಗಳನ್ನು ಕತ್ತರಿಸುತ್ತ ಕೂತಿದ್ದಾರೆ. ಟ್ರೇಲರ್ ಕಟ್ಟುವುದು ಸಿನಿಮಾ ಕಟ್ಟುವುದಕ್ಕಿಂತ ಬೇರೆಯದೇ ಕಸುಬು, ಅದಕ್ಕೆ ಬೇರೆಯದೇ ಕೈ ಬೇಕು. ನಿರ್ಮಾಪಕರಲ್ಲಿ ನನ್ನ ಕೋರಿಕೆ ಇಷ್ಟು: ಆ ಕೆಲಸವನ್ನು ಬಿಡುಗಡೆಯ ಹಿಂದಿನ ವಾರದ ಗಡಿಬಿಡಿಗೆ ಬಿಡಬೇಡಿ, ಅದಕ್ಕೆಂದೇ ಒಬ್ಬರನ್ನು ನೇಮಿಸಿ, ಅವರಿಗೆ ಸಮಯ ಕೊಡಿ. ಯೂಟ್ಯೂಬಿಗೆ ಹಾಕುವಾಗ ನಾಯಕ, ನಿರ್ದೇಶಕ, ಆಡಿಯೊ ಕಂಪನಿಯ ಹೆಸರಿನ ಜೊತೆಗೆ ಟ್ರೇಲರ್ ಕಟ್ಟಿದವರ ಹೆಸರನ್ನೂ ಬರೆಯಿರಿ.