ಸಂತೆಯ ಚೀಲ ರ‍್ಯಾಂಪ್ ಏರಿದಾಗ

ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವ ಪುಟದಲ್ಲಿ ಒಂದು ಕೈಚೀಲದ ಮಾತು ಬಂದಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಲಕ್ಷ ರೂಪಾಯಿಯ ಕೈಚೀಲ ನಮ್ಮ ಮನೆಗಳಿಗೆ ಬರುವ ವಸ್ತುವಲ್ಲ, ನಿಜ. ಆದರೆ ಒಂದು ವಸ್ತುವನ್ನು ತಯಾರಿಸಿದವರು ಏನು ಹೇಳಹೊರಟರು ಎಂಬುದಕ್ಕಿಂತ, ಅದನ್ನು ಅಂಗಡಿಯ ಗಾಜಿನಾಚೆಯಿಂದ ನೋಡಿದ ಜನ ಏನೆಂದರು ಎಂಬುದೇ ಹೆಚ್ಚು ಅರ್ಥಪೂರ್ಣವಾಗುವ ಸಂದರ್ಭಗಳುಂಟು. ಬಲೆನ್ಸಿಯಾಗಾ ಎಂಬ ಪ್ಯಾರಿಸ್ಸಿನ ಸಂಸ್ಥೆಯ ಚೀಲಗಳ ವಿಷಯದಲ್ಲಿ ಹಾಗಾಯಿತು. ಆ ಚೀಲಗಳನ್ನೂ ಆ ನಗೆಯನ್ನೂ ಒಟ್ಟಿಗೆ ಓದಿ ನೋಡೋಣ.

ಸಂಸ್ಥೆಯ ಮೂಲಪುರುಷ ಕ್ರಿಸ್ಟೋಬಲ್ ಬಲೆನ್ಸಿಯಾಗಾ 1895ರಲ್ಲಿ ಸ್ಪೇನ್ ದೇಶದ ಬಾಸ್ಕ್ ಪ್ರಾಂತದ ಗೆಟಾರಿಯಾ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದವನು. ತಾಯಿ ಬಟ್ಟೆ ಹೊಲಿದು ಬದುಕುತ್ತಿದ್ದಳು. ಅವಳ ಮಗ್ಗುಲಲ್ಲಿ ಕುಳಿತು ಸೂಜಿ ಹಿಡಿದ ಹುಡುಗ 1937ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಮಳಿಗೆ ತೆರೆದ. ಕತ್ತರಿಸುವುದು, ಹೊಲಿಯುವುದು, ಕೊನೆಯ ಗುಂಡಿ ಹಾಕುವುದು ಎಲ್ಲವನ್ನೂ ಸ್ವತಃ ಬಲ್ಲವನೆಂದು ಸಮಕಾಲೀನರು ಅವನನ್ನು ಗೌರವಿಸುತ್ತಿದ್ದರು. 1968ರಲ್ಲಿ ಅವನು ಮಳಿಗೆಯನ್ನು ಮುಚ್ಚಿದ, 1972ರಲ್ಲಿ ತೀರಿಕೊಂಡ. ಹೆಸರು ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತ ಇಂದು ಕೆರಿಂಗ್ ಎಂಬ ದೊಡ್ಡ ವ್ಯಾಪಾರಸಮೂಹದ ಆಸ್ತಿಯಾಗಿದೆ. 2015ರಲ್ಲಿ ಆ ಹೆಸರಿನ ಹೊಣೆ ಹೊತ್ತವನು ಡೆಮ್ನಾ ಗ್ವಾಸಾಲಿಯಾ. ಜಾರ್ಜಿಯಾ ದೇಶದ ಸುಖುಮಿಯಲ್ಲಿ 1981ರಲ್ಲಿ ಹುಟ್ಟಿದ ಈತ, 1993ರಲ್ಲಿ ಅಬ್ಖಾಜಿಯಾ ಯುದ್ಧದ ಕಾಲಕ್ಕೆ ಕುಟುಂಬದೊಡನೆ ಊರು ಬಿಟ್ಟು ಓಡಿದವನು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಡೆಮ್ನಾನ ಮೊದಲ ಪ್ರದರ್ಶನ 2016ರ ಮಾರ್ಚ್ ತಿಂಗಳಲ್ಲಿ ನಡೆಯಿತು. ರೂಪದರ್ಶಿಗಳ ಕೈಯಲ್ಲಿ ಬಣ್ಣಬಣ್ಣದ ಅಗಲ ಪಟ್ಟೆಗಳ ದೊಡ್ಡ ಚೀಲಗಳಿದ್ದವು. ಬಜಾರ್ ಎಂದೇ ಅವಕ್ಕೆ ಹೆಸರು. ಥಾಯ್ಲೆಂಡಿನ ಜನ ಅವುಗಳನ್ನು ನೋಡಿದ ಕೂಡಲೇ ಗುರುತು ಹಿಡಿದರು. ಬ್ಯಾಂಕಾಕಿನ ಸಾಂಪೆಂಗ್ ಮಾರುಕಟ್ಟೆಯಲ್ಲಿ ಸಗಟು ಸಾಮಾನು ಕೊಳ್ಳಲು ಹೋದವರು ಹೊತ್ತು ತರುವ, ಪ್ಲಾಸ್ಟಿಕ್ ನೇಯ್ಗೆಯ ಕಾಮನಬಿಲ್ಲಿನ ಬಣ್ಣದ ಚೀಲವದು. ಅಗ್ಗದ ಚೀಲಗಳನ್ನು ಹೆಗಲಿಗೇರಿಸಿ, ರೂಪದರ್ಶಿಯರಂತೆ ಮುಖ ಬಿಗಿದುಕೊಂಡು ಅಲ್ಲಿನವರು ಚಿತ್ರ ತೆಗೆಸಿಕೊಂಡರು. ಅವರ ನಗೆಯಲ್ಲಿ ಕೊಂಕು ಇರಲಿಲ್ಲವೆಂದಲ್ಲ. ಆದರೆ ಅದರ ಕೆಳಗೆ ಇನ್ನೊಂದು ಭಾವವಿತ್ತು: ಇದು ನಮ್ಮದು, ನಮ್ಮ ಅಮ್ಮಂದಿರು ಹೊತ್ತದ್ದು ಎಂಬ ಸಲಿಗೆ.

ಮರುವರ್ಷದ ನಗೆ ಇದಕ್ಕಿಂತ ದೊಡ್ಡದು. 2017ರ ಏಪ್ರಿಲ್‌ನಲ್ಲಿ ಬಲೆನ್ಸಿಯಾಗಾದ ಒಂದು ನೀಲಿ ಚೀಲ ಗ್ರಾಹಕರ ಕಣ್ಣಿಗೆ ಬಿತ್ತು. ಹೊಳಪು ಕೊಟ್ಟ, ಸುಕ್ಕುಸುಕ್ಕಾದ ಚರ್ಮ. ಎರಡು ಜೊತೆ ಹಿಡಿಕೆ. ಬೆಲೆ 2,145 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 1 ಲಕ್ಷ 38 ಸಾವಿರ ರೂಪಾಯಿ. ಸ್ವೀಡನ್ನಿನ ಪೀಠೋಪಕರಣ ಸಂಸ್ಥೆ ಐಕಿಯಾ ತನ್ನ ಮಳಿಗೆಗಳಲ್ಲಿ ಗ್ರಾಹಕರಿಗೆ ಮಾರುವ ನೀಲಿ ಪ್ಲಾಸ್ಟಿಕ್ ಚೀಲ ಫ್ರಾಕ್ಟಾದ ಪಡಿಯಚ್ಚಿನಂತೆ ಅದು ಇತ್ತು. ಫ್ರಾಕ್ಟಾ ಎಂದರೆ ಸ್ವೀಡಿಷ್ ಭಾಷೆಯಲ್ಲಿ ಸಾಗಿಸುವುದು ಎಂದರ್ಥ. 71 ಲೀಟರು ಹಿಡಿಸುತ್ತದೆ, 25 ಕಿಲೋ ಭಾರ ತಾಳುತ್ತದೆ. ಅಮೆರಿಕದಲ್ಲಿ ಆಗ ಅದರ ಬೆಲೆ 99 ಸೆಂಟ್. ಒಂದು ಚೀಲದ ಹಣಕ್ಕೆ ಇನ್ನೊಂದು ಚೀಲ ಎರಡು ಸಾವಿರಕ್ಕೂ ಹೆಚ್ಚು ಬರುತ್ತದೆ! (2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಆ ಸಂಸ್ಥೆಯ ಮಳಿಗೆ ತೆರೆದ ಮೇಲೆ ಇಲ್ಲಿನವರಿಗೂ ಈ ನೀಲಿ ಚೀಲದ ಪರಿಚಯವಾಗಿದೆ.)

ಜನ ನಕ್ಕರು. ತಮ್ಮ ಮನೆಯ ಅಟ್ಟದಲ್ಲಿ ಲಕ್ಷಾಂತರದ ಆಸ್ತಿ ಬಿದ್ದಿದೆಯೆಂದು ಹಾಸ್ಯ ಮಾಡಿದರು. ನೀಲಿ ಪ್ಲಾಸ್ಟಿಕ್ಕನ್ನು ಕತ್ತರಿಸಿ ಟೋಪಿ ಹೊಲಿದುಕೊಂಡವರಿದ್ದರು, ಪಾದರಕ್ಷೆ ಮಾಡಿಕೊಂಡವರಿದ್ದರು. ಐಕಿಯಾ ನ್ಯಾಯಾಲಯಕ್ಕೆ ಹೋಗುವ ಬದಲು ಒಂದು ಜಾಹೀರಾತನ್ನು ಹೊರಡಿಸಿತು. ಅಸಲಿ ಚೀಲವನ್ನು ಗುರುತಿಸುವ ಬಗೆಯನ್ನು ಅದು ಗಂಭೀರ ಮುಖದಿಂದ ವಿವರಿಸಿತು: ಅಲ್ಲಾಡಿಸಿ ನೋಡಿ, ಸರಬರ ಸದ್ದಾದರೆ ಅಸಲಿ, ಇಟ್ಟಿಗೆ ಹೊರುತ್ತದೆ, ನೀರನ್ನೂ ತುಂಬಬಹುದು, ಕೊಳೆಯಾದರೆ ತೋಟದ ಪೈಪಿನಲ್ಲಿ ತೊಳೆದರಾಯಿತು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಪ್ರಸಂಗದ ಶ್ರೇಷ್ಠ ವಿಮರ್ಶೆ ಬರೆದವರು ಯಾವ ಪತ್ರಿಕೆಯ ವಿಮರ್ಶಕರೂ ಅಲ್ಲ, ಆ ಜಾಹೀರಾತಿನವರು. ಮಾರಾಟದ ಚಾತುರ್ಯವೂ ಅದರಲ್ಲಿತ್ತೆಂಬುದನ್ನು ಒಪ್ಪೋಣ. ಆದರೂ ಬೆಲೆಯ ಹೋಲಿಕೆಯಲ್ಲೇ ನಿಂತುಬಿಟ್ಟಿದ್ದ ಮಾತನ್ನು ಅವರು ಉಪಯೋಗದ ಕಡೆಗೆ ತಿರುಗಿಸಿದರು. ಚೀಲವೆಂದರೆ ಹೊರುವ ವಸ್ತು; ಹೊರಲಾರದ್ದು ಚೀಲ ಹೇಗಾದೀತು ಎಂದು ಅವರು ಕೇಳಿದಂತಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಕ್ಕವರ ಪರವಾಗಿಯೇ ನಾವೆಲ್ಲರೂ ಇರುವುದು ಸಹಜ. ಆದರೆ ಆ ನಗೆ ಪೂರ್ತಿ ನಿರ್ಮಲವೇ? ಇಷ್ಟು ಹಣ ಕೊಟ್ಟು ಇಂಥದ್ದನ್ನು ಕೊಳ್ಳುವ ಮೂರ್ಖರಿದ್ದಾರಲ್ಲ ಎಂದು ನಕ್ಕವರು ಬಹಳ. ಅದರ ಬೆನ್ನಿಗೇ ಇನ್ನೊಂದು ಮಾತು ಅಡಗಿಕೊಂಡು ಬಂದಿತ್ತು: ಬಡವರ ಚೀಲವನ್ನು ಹಣವಂತರು ಹಿಡಿದುಕೊಂಡಿದ್ದಾರೆ, ನೋಡಿ ನಗಿರಿ! ಎರಡನೆಯ ಮಾತಿನಲ್ಲಿ ನಗೆಗೆ ಈಡಾದವನು ಕೊಂಡವನಲ್ಲ; ದಿನವೂ ಅಂಥ ಚೀಲ ಹೊರುವವನು. ಅದು ಅವನ ಹೆಗಲ ಮೇಲಿರುವಾಗ ಯಾರೂ ತಿರುಗಿ ನೋಡುವುದಿಲ್ಲ, ನೋಡಿದರೂ ಬಸ್ಸಿನಲ್ಲಿ ಸ್ವಲ್ಪ ಸರಿದು ಕೂರುತ್ತಾರೆ. ಅದೇ ಆಕಾರ ರ‍್ಯಾಂಪಿನ ಮೇಲೆ ಬಂದರೆ ಚಮತ್ಕಾರವಾಗುತ್ತದೆ.

ಈ ಮಾತು ನೀಲಿ ಚೀಲಕ್ಕಿಂತ ಚೌಕಳಿ ಚೀಲಕ್ಕೆ ಹೆಚ್ಚು ಸಲ್ಲುತ್ತದೆ. ಕೆಂಪು, ನೀಲಿ, ಬಿಳಿಯ ಚೌಕಗಳಿರುವ, ಜಿಪ್ ಹಾಕಿದ ಆ ಅಗ್ಗದ ಚೀಲವನ್ನು ನೀವು ರೈಲು ನಿಲ್ದಾಣಗಳಲ್ಲಿ ನೋಡಿರುತ್ತೀರಿ. 1983ರಲ್ಲಿ ನೈಜೀರಿಯಾ ಸರ್ಕಾರ ದಾಖಲೆಯಿಲ್ಲದ ಹೊರದೇಶಗಳವರನ್ನು, ಬಹುಪಾಲು ಘಾನಾ ದೇಶದವರನ್ನು, ಕೆಲವೇ ದಿನಗಳ ಗಡುವು ಕೊಟ್ಟು ಹೊರಹಾಕಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಗೆ ಸಿಕ್ಕದ್ದನ್ನು ಈ ಚೀಲಗಳಲ್ಲಿ ತುರುಕಿಕೊಂಡು ಹೊರಟರು. ಅಂದಿನಿಂದ ಪಶ್ಚಿಮ ಆಫ್ರಿಕಾದಲ್ಲಿ ಈ ಚೀಲಕ್ಕೆ ‘ಘಾನಾ ಮಸ್ಟ್ ಗೋ’, ಎಂದರೆ ಘಾನಾದವರು ತೊಲಗಲಿ ಎಂಬುದೇ ಹೆಸರು. ಜರ್ಮನಿಯಲ್ಲಿ ಇದನ್ನು ತುರ್ಕರ ಪೆಟ್ಟಿಗೆ ಎಂದು ಕರೆದದ್ದುಂಟು. ಯಾವ ದೇಶಕ್ಕೆ ಹೋದರೂ ವಲಸೆಗಾರನ ಹೆಸರನ್ನು ಚೀಲಕ್ಕೆ ಅಂಟಿಸಿ ಅವನನ್ನು ಹಗುರ ಮಾಡಿದ್ದಾರೆ. 2007ರ ವಸಂತದ ಸಂಗ್ರಹದಲ್ಲಿ ಲೂಯಿ ವಿಟಾನ್ ಸಂಸ್ಥೆ ಇದೇ ಚೌಕಳಿಯ ಚೀಲವನ್ನು ತನ್ನ ಮೊಹರು ಒತ್ತಿ ರ‍್ಯಾಂಪಿಗೆ ತಂದಿತು. ಚೌಕಳಿ ಅದೇ, ಚೀಲದ ಮೇಲಿನ ಹೆಸರು ಬೇರೆ. ಒಂದು ಜನಾಂಗವನ್ನು ಹಳಿಯುವ ಹೆಸರು ಅಳಿಸಿಹೋಗಿ ವ್ಯಾಪಾರಿಯ ಹೆಸರು ಅಲ್ಲಿ ಬಂದಿತ್ತು.

ಹಾಗಾದರೆ ಬಡವರ ವಸ್ತುವನ್ನು ಕಲಾವಿದ ಮುಟ್ಟಲೇಬಾರದೇ? ಹಾಗೆನ್ನಲಾರೆ. 2022ರ ಮಾರ್ಚ್ 6ರಂದು ಪ್ಯಾರಿಸ್ ಸಮೀಪದ ಲ ಬೂರ್ಜೆಯಲ್ಲಿ ನಡೆದ ಬಲೆನ್ಸಿಯಾಗಾ ಪ್ರದರ್ಶನವೇ ಇದಕ್ಕೆ ಸಾಕ್ಷಿ. ರಷ್ಯಾ ಉಕ್ರೇನಿನ ಮೇಲೆ ಏರಿಹೋಗಿ ಹತ್ತು ದಿನವಷ್ಟೇ ಆಗಿತ್ತು. ಗಾಜಿನ ಆವರಣದೊಳಗೆ ಕೃತಕ ಹಿಮದ ಬಿರುಗಾಳಿ. ಅದರಲ್ಲಿ ತೆಳು ಉಡುಪಿನ ಯುವಕ ಯುವತಿಯರು ಕಸದ ಚೀಲದಂಥ ಗಂಟುಗಳನ್ನು ಹಿಡಿದು, ಗಾಳಿಗೆ ಬಾಗಿ ನಡೆಯುತ್ತಾರೆ. ಪ್ರೇಕ್ಷಕರ ಆಸನಗಳ ಮೇಲೆ ಉಕ್ರೇನ್ ಧ್ವಜದ ಬಣ್ಣದ ಅಂಗಿಗಳು. ಹವಾಮಾನದ ಬದಲಾವಣೆಯ ಬಗ್ಗೆ ಎಂದು ಮೊದಲು ಯೋಚಿಸಿದ್ದ ದೃಶ್ಯ ಯುದ್ಧದಿಂದಾಗಿ ಬೇರೆಯೇ ಅರ್ಥ ಪಡೆಯಿತು. 1993ರಲ್ಲಿ ತನಗಾದ ಗಾಯವನ್ನು ಈ ಯುದ್ಧ ಮತ್ತೆ ಕೆದಕಿತೆಂದೂ, ತಾನು ಅಂದಿನಿಂದ ಎಂದೆಂದಿಗೂ ನಿರಾಶ್ರಿತನೇ ಎಂದೂ ಡೆಮ್ನಾ ಪ್ರೇಕ್ಷಕರಿಗೆ ಬರೆದು ತಿಳಿಸಿದ್ದ. ನೋಡಿದವರಲ್ಲಿ ಹಲವರು ಕಣ್ಣೀರು ತಂದುಕೊಂಡರು. ಆ ಕಣ್ಣೀರನ್ನು ನಾನು ಅನುಮಾನಿಸುವುದಿಲ್ಲ. ಮನೆ ಬಿಟ್ಟು ಓಡುವವನಿಗೆ ಸಿಕ್ಕಿದ ಚೀಲವೇ ಪೆಟ್ಟಿಗೆ ಎಂಬ ಸತ್ಯ ಅಲ್ಲಿ ಕಣ್ಣಿಗೆ ಕಟ್ಟುವಂತಿತ್ತು.

ಅದೇ ವರ್ಷ ಆ ಚೀಲ ಅಂಗಡಿಗೆ ಬಂತು. ಕರುವಿನ ಚರ್ಮ, ಬಾಯಿಗೆ ದಾರ, ಬೆಲೆ 1,790 ಡಾಲರ್. ಹೆಸರು ಟ್ರ್ಯಾಷ್ ಪೌಚ್, ಅಂದರೆ ಕಸದ ಸಂಚಿ. ಜಗತ್ತಿನ ಅತ್ಯಂತ ದುಬಾರಿ ಕಸದ ಚೀಲವನ್ನು ಮಾಡುವ ಅವಕಾಶವನ್ನು ತಪ್ಪಿಸಿಕೊಳ್ಳಲಾಗಲಿಲ್ಲ, ಫ್ಯಾಷನ್ ಹಗರಣವೆಂದರೆ ಯಾರಿಗೆ ಇಷ್ಟವಿಲ್ಲ ಎಂಬರ್ಥದ ಮಾತನ್ನು ಡೆಮ್ನಾ ಆಗ ಆಡಿದ. ಮಾರ್ಚ್‌ನ ಹಿಮದಲ್ಲಿ ನಿರಾಶ್ರಿತನ ಗಂಟಾಗಿದ್ದದ್ದು ಕಪಾಟಿಗೆ ಬರುವಷ್ಟರಲ್ಲಿ ನಗೆಚಾಟಿಕೆಯಾಗಿತ್ತು. ಕೊಳ್ಳುವವರು ಇದನ್ನು ಹೇಗೆ ಕಂಡರು? ಕೆಲವರು ತಮ್ಮ ಅಡುಗೆಮನೆಯ ಕಸದ ಚೀಲದೊಡನೆ ಹೋಲಿಸಿ ನಕ್ಕರು. ಕೆಲವರು ಇದು ಬಡತನದ ಅಣಕವೆಂದು ಸಿಡಿದರು. ಚರ್ಮದ ಕೆಲಸ ಚೆನ್ನಾಗಿದೆ ಎಂದವರೂ ಇದ್ದರು. ನನ್ನ ಆಕ್ಷೇಪ ಬೇರೆ. ಓಡುವವನ ಗಂಟಿನಲ್ಲಿ ಏನಾದರೂ ಇರುತ್ತದೆ: ಮಗುವಿನ ಉಣ್ಣೆಯ ಅಂಗಿ, ಮನೆಯ ಕಾಗದಪತ್ರ, ತಂದೆಯ ಒಂದು ಭಾವಚಿತ್ರ. ಆ ಗಂಟು ಗಂಟಾಗುವುದು ಅದರೊಳಗಿರುವುದರಿಂದ. ಅಂಗಡಿಯ ಚೀಲಕ್ಕೆ ಒಳಗೇನೂ ಬೇಕಾಗಿಲ್ಲ, ಹೊರಗಿನ ಬೆಲೆಯೇ ಅದರ ತಿರುಳು. ತನ್ನದೇ ಬಾಲ್ಯದ ನೋವನ್ನು ಖಾಲಿ ಮಾಡಿ ಮಾರಿದನಲ್ಲ ಎಂಬ ವ್ಯಥೆ ನನಗೆ. ಬೇರೆಯವರ ನೋವನ್ನು ಮಾರಿದ್ದರೆ ಬೈಯುವುದು ಸುಲಭವಾಗುತ್ತಿತ್ತು.

ನಗೆಯಿಂದ ಇಂಥ ವ್ಯಾಪಾರಕ್ಕೆ ಯಾವ ಹಾನಿಯೂ ಆಗುವುದಿಲ್ಲ ಎಂಬುದನ್ನು ಗಮನಿಸಿ. ನಕ್ಕವರೆಲ್ಲರೂ ಚೀಲದ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ. ಸಂಸ್ಥೆಗೆ ಬೇಕಾದದ್ದೂ ಅದೇ. 2022ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಕೆಸರು ತುಂಬಿದ ಅಂಕಣದಲ್ಲಿ ನಡೆದ ಮುಂದಿನ ಪ್ರದರ್ಶನದಲ್ಲಿ ಆಲೂಗಡ್ಡೆ ಚಿಪ್ಸ್ ಪೊಟ್ಟಣದಂಥ ಚೀಲವೇ ಬಂತು, ಜನ ಮತ್ತೆ ನಕ್ಕರು. ಅದೇ ಪ್ರದರ್ಶನದಲ್ಲಿ ಕರಡಿ ಗೊಂಬೆಯ ಆಕಾರದ ಚೀಲಗಳೂ ಇದ್ದವು. ಆ ಗೊಂಬೆಗಳಿಗೆ ತೊಡಿಸಿದ್ದ ಚರ್ಮದ ಪಟ್ಟಿಗಳು ಮಕ್ಕಳ ಲೋಕಕ್ಕೆ ಸೇರಿದವಲ್ಲ, ವಯಸ್ಕರ ಕಾಮಕ್ರೀಡೆಗೆ ಸೇರಿದವು. ನವೆಂಬರ್‌ನಲ್ಲಿ ಅವುಗಳನ್ನು ಪುಟ್ಟ ಮಕ್ಕಳ ಕೈಗೆ ಕೊಟ್ಟು ಉಡುಗೊರೆಯ ಜಾಹೀರಾತು ಮಾಡಿದಾಗ ನಗೆ ಥಟ್ಟನೆ ನಿಂತಿತು. ತಾಯಂದಿರು, ತಂದೆಯರು, ಆ ಸಂಸ್ಥೆಯ ಹಳೆಯ ಗ್ರಾಹಕರೇ ಸಿಟ್ಟಿಗೆದ್ದರು. ಸಂಸ್ಥೆ ಜಾಹೀರಾತನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿತು, ಡೆಮ್ನಾನೂ ಕೇಳಿದ. ಆ ಡಿಸೆಂಬರ್‌ನಲ್ಲಿ ಬಲೆನ್ಸಿಯಾಗಾದ ವ್ಯಾಪಾರ ಕಷ್ಟಕ್ಕೆ ಸಿಲುಕಿದ್ದನ್ನು ಒಡೆಯರಾದ ಕೆರಿಂಗಿನವರೇ ಒಪ್ಪಿಕೊಂಡರು. ಆರು ವರ್ಷ ನಗೆಯಿಂದ ಆಗದಿದ್ದದ್ದು ಕೆಲವೇ ವಾರಗಳ ಕೋಪದಿಂದ ಆಯಿತು. ಡೆಮ್ನಾ 2025ರಲ್ಲಿ ಬಲೆನ್ಸಿಯಾಗಾವನ್ನು ಬಿಟ್ಟು ಅದೇ ಒಡೆತನದ ಗುಚ್ಚಿಗೆ ಹೋದ.

ಈ ಕಥೆಗೆ ನಮ್ಮ ನಾಡಿನ ಒಂದು ಕೊಂಡಿಯಿದೆ. ಚೀಲದ ಬದಲು ಚಪ್ಪಲಿ, ಅಷ್ಟೇ. 1913ರಲ್ಲಿ ಮಿಲಾನಿನಲ್ಲಿ ಚರ್ಮದ ಪೆಟ್ಟಿಗೆ, ಕೈಚೀಲಗಳ ಅಂಗಡಿಯಾಗಿ ಆರಂಭವಾದ ಪ್ರಾಡಾ ಸಂಸ್ಥೆ 2025ರ ಜೂನ್‌ನಲ್ಲಿ ಪುರುಷರ ಪ್ರದರ್ಶನದಲ್ಲಿ ಹೆಬ್ಬೆರಳಿಗೆ ಉಂಗುರವಿರುವ ಚರ್ಮದ ಚಪ್ಪಲಿಗಳನ್ನು ತೋರಿಸಿತು. ಅವು ಎಲ್ಲಿಯವೆಂದು ಹೇಳಲಿಲ್ಲ. ನಮ್ಮವರು ಮೊದಲು ನಕ್ಕರು, ಕೂಡಲೇ ಕೇಳಿದರು: ಕೊಲ್ಹಾಪುರಿ ಎಂಬ ಹೆಸರು ಎಲ್ಲಿ ಹೋಯಿತು? 2019ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿಯ ಕೇರಿಗಳಲ್ಲಿ ಚರ್ಮ ಹದಮಾಡಿ, ಕತ್ತರಿಸಿ, ಹೆಣೆದು ಇದನ್ನು ತಯಾರಿಸುವವರು ಬಹುಮಟ್ಟಿಗೆ ಆ ಕಸುಬಿನ ಕಾರಣಕ್ಕೇ ಊರ ಹೊರಗೆ ಇರಿಸಲ್ಪಟ್ಟ ಸಮುದಾಯದವರು. ಚಪ್ಪಲಿಯನ್ನು ಮೆಚ್ಚಿಕೊಂಡು ಹೊಲಿದವನನ್ನು ದೂರವಿಟ್ಟವರು ಮಿಲಾನಿನವರಲ್ಲ, ನಾವೇ. ಆ ದಿನಗಳ ಸಿಟ್ಟಿನ ಮಾತುಗಳಲ್ಲಿ ಇದು ಕೇಳಿಬಂದದ್ದು ಕಡಿಮೆ.

ಪ್ರಶ್ನೆ ಹೆಚ್ಚಾದ ಮೇಲೆ ಪ್ರಾಡಾ ತನ್ನ ಚಪ್ಪಲಿಯ ಮೂಲವನ್ನು ಪತ್ರ ಬರೆದು ಒಪ್ಪಿಕೊಂಡಿತು. 2025ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಈ ಭಾಗದ ಕುಶಲಕರ್ಮಿಗಳ ಕೈಯಿಂದಲೇ 2,000 ಜೊತೆ ತಯಾರಿಸುವುದಾಗಿ ಹೇಳಿತು. ಜೊತೆಯೊಂದಕ್ಕೆ ಗೊತ್ತುಮಾಡಿದ ಬೆಲೆ ಸುಮಾರು 800 ಯೂರೋ. ಅದರಲ್ಲಿ ಅಥಣಿಯ ಮನೆಯೊಂದಕ್ಕೆ ಎಷ್ಟು ಸೇರುತ್ತದೆ ಎಂಬುದನ್ನು ಲಿಡ್‌ಕರ್ ನಿಗಮವನ್ನು ಕೇಳುವ ಹಕ್ಕು ಈ ರಾಜ್ಯದ ಪ್ರಜೆಗಳಾದ ನಮಗಿದೆ. ಬಣ್ಣದ ಪಟ್ಟೆಯ ಚೀಲವನ್ನು ಹೊಲಿಯುವ ಸಾಂಪೆಂಗಿನ ಹೆಂಗಸಿನ ಬಳಿಗೆ ಅಂಥ ಕಾಗದ ಯಾವುದೂ ಹೋಗಿಲ್ಲ.