ಬಾತಿಕ್ ಮಾರಿ ಕೊಂಡ ಕಡಲತೀರ

ಕರ್ನಾಟಕದ ನಕಾಶೆಯ ನೆತ್ತಿ ಮೇಲಿರೋ ಔರಾದ ತಾಲೂಕಿನವ ನಾನು. ನಮ್ಮ ಕಡೆ ಸಮುದ್ರ ಅಂದ್ರ ಸಿನಿಮಾದಾಗ ನೋಡೋದು. ಅದಕ್ಕೇ ಇರಬೇಕು, ಚೆನ್ನೈ ಹತ್ತಿರದ ಚೋಳಮಂಡಲ ಕಲಾವಿದರ ಗ್ರಾಮದ ಬಗ್ಗೆ ಬರೆಯೋರು ಅಲೆ, ಮರಳು, ಗಾಳಿ ಅಂತ ಶುರು ಮಾಡಿದ್ರೆ ನನಗೆ ಬೇರೆ ಪ್ರಶ್ನೆ ಏಳುತ್ತೆ. ಅಷ್ಟು ಜನ ಕಲಾವಿದರಿಗೆ ಆ ಜಾಗ ಕೊಳ್ಳೋಕೆ ರೊಕ್ಕ ಎಲ್ಲಿಂದ ಬಂತು?

ಬಾತಿಕ್‌ನಿಂದ ಬಂತು. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್‌ಗೆ ಚಿಂತೆ ಇದ್ದದ್ದು ಒಂದೇ. ಓದು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಇನ್ನೆಲ್ಲೋ ಕೆಲಸಕ್ಕೆ ಸೇರಿ ಕುಂಚ ಕೆಳಗಿಡ್ತಾರಲ್ಲ ಅನ್ನೋದು. ಬಟ್ಟೆಗೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದೋ ಬಾತಿಕ್ ಥರದ ಕರಕುಶಲ ಸಾಮಾನು ಮಾಡಿ ಮಾರಿದರು, ದುಡ್ಡು ಕೂಡಿಸಿದರು, 1966ರಲ್ಲಿ ಈಂಜಂಬಾಕ್ಕಂನಲ್ಲಿ ನೆಲ ಕೊಂಡರು. ಒಂದು ಹೊತ್ತು ಕರಕುಶಲ, ಉಳಿದ ಹೊತ್ತು ಚಿತ್ರ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಸರ್ವಿಸ್ ಪ್ರಾಜೆಕ್ಟಿನ ದುಡ್ಡಲ್ಲಿ ಪ್ರಾಡಕ್ಟ್ ಕಟ್ಟಿದರು. ಇನ್ವೆಸ್ಟರ್ ಕಾಟ ಇರಲಿಲ್ಲ.

2009ರಲ್ಲಿ ಅಲ್ಲೇ ಶುರುವಾದ ಸಮಕಾಲೀನ ಕಲಾಕೇಂದ್ರದಲ್ಲಿ ಮದ್ರಾಸ್ ಚಳವಳಿಯ ಕೃತಿಗಳಿವೆ. ದೊಡ್ಡ ಮ್ಯೂಸಿಯಂ ಏನಲ್ಲ, ಅದೇ ಅದರ ಸುಖ. ಪಣಿಕ್ಕರ್ ಅವರ ‘ಪದಗಳು ಮತ್ತು ಸಂಕೇತಗಳು’ ಸರಣಿ ಎದುರು ನಿಂತ್ರೆ ಸಾಲು ಸಾಲು ಅಕ್ಷರ, ಕುಂಡಲಿ ಥರದ ಚೌಕ, ಗಣಿತದ ಗುರುತು. ಓದೋಕೆ ಹೋದ್ರೆ ಒಂದೂ ಓದಕ್ಕಾಗಲ್ಲ. ಕಂಪೈಲ್ ಆಗದ ಕೋಡ್ ದಿನಾ ನೋಡೋ ನಮ್ಮಂಥವರಿಗೆ ಅದು ಕಷ್ಟ ಅನಿಸಬಾರದು: ಅರ್ಥ ತೆಗೆದುಹಾಕಿದ ಮೇಲೂ ಬರವಣಿಗೆಗೆ ಒಂದು ನಡಿಗೆ ಉಳಿದಿರುತ್ತೆ, ಅದನ್ನೇ ಅವರು ಬರೆದಿರೋದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಹೆಸರು ಬೇಕು, ಎಸ್.ಜಿ. ವಾಸುದೇವ್. ಮೈಸೂರಿನವರು, ಚೋಳಮಂಡಲ ಕಟ್ಟಿದವರಲ್ಲಿ ಒಬ್ಬರು, 1970ರ ‘ಸಂಸ್ಕಾರ’ ಸಿನಿಮಾದ ಕಲಾ ನಿರ್ದೇಶಕರು. ಅವರ ‘ವೃಕ್ಷ’ದ ಮರಗಳು ನನಗೆ ಕ್ಯಾನ್ವಾಸಿಗಿಂತ ತಾಮ್ರದ ಉಬ್ಬುಕೆತ್ತನೆಯಲ್ಲೇ ಹೆಚ್ಚು ಇಷ್ಟ. ಲೋಹದಲ್ಲಿ ಕೈ ತಪ್ಪಿದ್ರೆ ಮೇಲೆ ಬಣ್ಣ ಬಳಿದು ಮುಚ್ಚೋಕೆ ಆಗಲ್ಲ ನೋಡ್ರಿ.

ಇಲ್ಲೇ ನನ್ನ ತಕರಾರು ಇರೋದು. ವಾಸುದೇವ್ ತಾಮ್ರ ಬಡಿದರೆ ನಾವು ಕಲೆ ಅಂತೀವಿ. ಬೀದರಿನಲ್ಲಿ ಸತು-ತಾಮ್ರ ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೆತ್ತಿ, ಗೀರಿನೊಳಗೆ ಬೆಳ್ಳಿ ತಂತಿ ಬಡಿದು, ಕೋಟೆಯ ಮಣ್ಣು-ನವಸಾಗರ ಹಚ್ಚಿ ಕಪ್ಪು ಮಾಡಿದರೆ ಹಸ್ತಕಲೆ, ಮೆಮೆಂಟೊ. ನಿಮ್ಮ ಆಫೀಸಿನ ಕಪಾಟಿನಲ್ಲೂ ಒಂದು ಬಿದರಿ ಹೂಜಿ ಇದ್ದೀತು. ಮಾಡಿದವರ ಹೆಸರು ಅದರ ಮೇಲೆ ಇದೆಯಾ, ಹುಡುಕಿ ನೋಡಿ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಭಾಲ್ಕಿ, ಔರಾದದ ನಮ್ಮ ವಾಟ್ಸಾಪ್ ಗ್ರೂಪುಗಳೆಲ್ಲ ಕುಣಿದವು. ಖುಷಿನೇ. ಆದ್ರ ಒಬ್ಬರ ಹೆಸರು ಗೊತ್ತಾಯ್ತು, ಚೌಬಾರಾ ಸುತ್ತಮುತ್ತ ಅರ ಹಿಡಿದು ಕೂತ ಉಳಿದವರದ್ದು?

ಚೋಳಮಂಡಲದ ಕಥೆ ಹೇಳುವಾಗಲೂ ಇದೇ ಆಗುತ್ತೆ. ಕಲೆಯ ಬಗ್ಗೆ ಬರೆಯೋರು ಪಣಿಕ್ಕರ್‌ಗೆ ಹತ್ತು ಪುಟ ಕೊಡ್ತಾರೆ, ಬಾತಿಕ್‌ಗೆ ಒಂದು ಸಾಲು, ಅದೂ ‘ಜೀವನೋಪಾಯಕ್ಕಾಗಿ’ ಅನ್ನೋ ಪದದ ಜೊತೆ. ಮೇಣದ ಗೆರೆ ಎಳೆದದ್ದೂ ಅದೇ ಕೈ ಅಲ್ಲವಾ? ಆ ಬಟ್ಟೆ ಕೊಂಡು ಕಿಟಕಿಗೆ ಪರದೆ ಮಾಡಿಕೊಂಡವರ ಮನೆಯಲ್ಲಿ ಯಾವ ಕಲಾವಿದನ ಕೆಲಸ ತೂಗಾಡ್ತಿತ್ತೋ ಅವರಿಗೇ ಗೊತ್ತಿರಲಿಕ್ಕಿಲ್ಲ.

ವ್ಯತ್ಯಾಸ ಒಂದೇ: ಚೋಳಮಂಡಲದವರು ಕೂಡಿ ಮಾರಿದರು, ನೆಲ ತಮ್ಮದು ಮಾಡಿಕೊಂಡರು, ಗೋಡೆಯೂ ತಮ್ಮದೇ ಆಯ್ತು. ಬೀದರಿನಲ್ಲಿ ಬೆಳ್ಳಿ ರೇಟು ಏರಿದಾಗಲೆಲ್ಲ ತಂತಿ ತೆಳ್ಳಗಾಗುತ್ತೆ. ಇನ್ನು ಗೋಡೆ ಎಲ್ಲಿಂದ ತರ್ತಾರ? ಮುಂದಿನ ಸಲ ಚೆನ್ನೈಗೆ ಆನ್‌ಸೈಟ್ ಕಳಿಸಿದ್ರೆ ಒಂದು ಭಾನುವಾರ ಈಂಜಂಬಾಕ್ಕಂಗೆ ಹೋಗಿ. ಬೀಚಿಗೆ ಆಮೇಲೆ ಹೋದ್ರಾಯ್ತು.